ಒಂದೇ ದೃಶ್ಯದ ಶಾಟ್‌ಗಳನ್ನು ಗ್ರೇಡಿಂಗ್‌ನಲ್ಲಿ ಹೊಂದಿಸುವ ಕ್ರಮ

ವೈಡ್ ಶಾಟ್ ಬಿಸಿಲಿನಲ್ಲಿ, ಕ್ಲೋಸಪ್ ಮೋಡ ಕವಿದ ಮೇಲೆ ತೆಗೆದದ್ದು. ಗ್ರೇಡಿಂಗ್‌ನಲ್ಲಿ, ಅಂದರೆ ಚಿತ್ರದ ಬೆಳಕು ಬಣ್ಣ ತಿದ್ದುವ ಕೆಲಸದಲ್ಲಿ, ಇವೆರಡನ್ನು ಕೂಡಿಸಲು ಕೂತಾಗ ಕೈ ಮೊದಲು ಬಣ್ಣದ ಚಕ್ರಕ್ಕೇ ಹೋಗುತ್ತದೆ. ಅದು ತಪ್ಪು ಕ್ರಮ. ಕಪ್ಪು, ಬಿಳಿ, ನಡುವಿನ ಬೆಳಕು ಹೊಂದದೆ ಬಣ್ಣ ಹೊಂದುವುದಿಲ್ಲ. ಬಣ್ಣ ಬೇರೆ ಎಂದು ಕಾಣುವ ಎಷ್ಟೋ ಕಡೆ ಬೇರೆಯಾಗಿರುವುದು ಬೆಳಕೇ.

ಟಿವಿಗೆ ಹೋಗುವ ಸಾಮಾನ್ಯ ಎಸ್‌ಡಿಆರ್ (ಎಚ್‌ಡಿಆರ್ ಅಲ್ಲದ, ಮಾಮೂಲಿ ಹೊಳಪಿನ) ಕೆಲಸಕ್ಕೆ ಮಾನಿಟರನ್ನು ರೆಕ್.709 (ಎಚ್‌ಡಿ ಟಿವಿಯ ಬಣ್ಣದ ಮಾನದಂಡ), ಗಾಮಾ 2.4 (ಕಪ್ಪಿನಿಂದ ಬಿಳಿಗೆ ಬೆಳಕು ಏರುವ ರೀತಿ), ಡಿ65 ಬಿಳಿ (ಹಗಲು ಬೆಳಕಿನಂಥ ಬಿಳಿ), ಹೊಳಪು 100 ನಿಟ್ಸ್‌ಗೆ ಕ್ಯಾಲಿಬ್ರೇಟ್ ಮಾಡಿಸಿರಿ. ಕೋಣೆ ಮಬ್ಬಾಗಿರಲಿ, ಮಾನಿಟರ್ ಹಿಂದಿನ ಗೋಡೆ ಬೂದು ಬಣ್ಣದ್ದಾಗಿರಲಿ. ಗೋಡೆಗೆ ಬೇರೆ ಬಣ್ಣವಿದ್ದರೆ ಕಣ್ಣು ಅದಕ್ಕೆ ಒಗ್ಗಿಬಿಡುತ್ತದೆ, ನೀವು ಅದರ ವಿರುದ್ಧದ ಬಣ್ಣವನ್ನು ಚಿತ್ರದಿಂದ ತೆಗೆಯಲು ಹೊರಡುತ್ತೀರಿ.

ದೃಶ್ಯದಲ್ಲಿ ಮುಖವೂ ಹಿನ್ನೆಲೆಯೂ ಚೆನ್ನಾಗಿ ಕಾಣುವ ಒಂದು ಶಾಟ್ ಆರಿಸಿ, ಅದನ್ನು ಪೂರ್ತಿ ಗ್ರೇಡ್ ಮಾಡಿ, ಅದರ ಒಂದು ಫ್ರೇಮನ್ನು ಸ್ಟಿಲ್ ಆಗಿ ಉಳಿಸಿಕೊಳ್ಳಿ. ಲಾಗ್ ಫುಟೇಜ್ (ಬೆಳಕಿನ ವಿವರ ಹೆಚ್ಚು ಉಳಿಯುವಂತೆ ಸಪ್ಪೆಯಾಗಿ ದಾಖಲಿಸಿದ ಚಿತ್ರ) ಆಗಿದ್ದರೆ ಎಕ್ಸ್‌ಪೋಷರ್ ಮತ್ತು ವೈಟ್ ಬ್ಯಾಲೆನ್ಸ್ ತಿದ್ದುವ ನೋಡ್ (ತಿದ್ದುಪಡಿಯ ಒಂದು ಹಂತ), ಲಾಗ್ ಚಿತ್ರವನ್ನು ಟಿವಿಯ ಬಣ್ಣಕ್ಕೆ ತಿರುಗಿಸುವ ಸಿದ್ಧ ಕೋಷ್ಟಕವಾದ ಲಟ್‌ಗಿಂತ ಮುಂಚೆ ಬರಬೇಕು. ಲಟ್ ಕತ್ತರಿಸಿಹಾಕಿದ ಆಕಾಶದ ವಿವರವನ್ನು ಅದರ ನಂತರದ ನೋಡ್‌ನಲ್ಲಿ ಎಷ್ಟು ಇಳಿಸಿದರೂ ಬೂದು ಬಣ್ಣದ ಪಟ್ಟೆಯಷ್ಟೇ ಸಿಗುತ್ತದೆ.

ಈಗ ಎರಡನೇ ಶಾಟ್. ಸ್ಟಿಲ್ಲನ್ನು ವೈಪ್ ಹಾಕಿ, ಅಂದರೆ ಒಂದು ಗೆರೆಯ ಆಚೆ ಈಚೆ ಎರಡೂ ಚಿತ್ರ ಕಾಣುವಂತೆ, ಪಕ್ಕದಲ್ಲಿಟ್ಟುಕೊಳ್ಳಿ. ಮೊದಲು ಸ್ಯಾಚುರೇಶನ್ ಸೊನ್ನೆಗೆ ಇಳಿಸಿ, ಬೆಳಕಿನ ಮಟ್ಟ ತೋರಿಸುವ ವೇವ್‌ಫಾರ್ಮ್ ನೋಡುತ್ತಾ ಲಿಫ್ಟ್‌ನಿಂದ ಕಪ್ಪನ್ನು, ಗೇನ್‌ನಿಂದ ಬಿಳಿಯನ್ನು, ಗಾಮಾದಿಂದ ಮುಖದ ಬೆಳಕನ್ನು ಹೊಂದಿಸಿ. ಒಂದನ್ನು ಎಳೆದರೆ ಇನ್ನೊಂದು ಜರುಗುತ್ತದೆ, ಆದ್ದರಿಂದ ಎರಡು ಮೂರು ಸುತ್ತು ಬೇಕೇ ಬೇಕು. ಕಪ್ಪುಬಿಳುಪಿನಲ್ಲಿ ವೈಪ್ ಗೆರೆಯ ಎರಡೂ ಬದಿ ಒಂದೇ ಚಿತ್ರದಂತೆ ಕಂಡ ಮೇಲಷ್ಟೇ ಬಣ್ಣ ಮರಳಿ ತನ್ನಿ.

ಆಮೇಲೆ ಆರ್‌ಜಿಬಿ ಪೆರೇಡ್ (ಕೆಂಪು, ಹಸಿರು, ನೀಲಿ ಚಾನೆಲ್‌ಗಳ ಮಟ್ಟವನ್ನು ಪಕ್ಕಪಕ್ಕದಲ್ಲಿ ತೋರಿಸುವ ಗ್ರಾಫ್). ಎರಡೂ ಶಾಟ್‌ನಲ್ಲಿರುವ ಬಿಳಿ ಅಂಗಿಯನ್ನೋ ಬೂದು ಗೋಡೆಯನ್ನೋ ಹುಡುಕಿ, ಸ್ಟಿಲ್‌ನಲ್ಲಿ ಅದರ ಮೂರು ಚಾನೆಲ್‌ಗಳು ಎಲ್ಲಿವೆಯೋ ಇಲ್ಲೂ ಅಲ್ಲಿಗೆ ತನ್ನಿ. ನೀಲಿಯ ತಳ ಮಾತ್ರ ಎದ್ದಿದ್ದರೆ ನೆರಳಿನಲ್ಲಿ ನೀಲಿ ಸೇರಿದೆ ಎಂದರ್ಥ. ಲಿಫ್ಟ್‌ನಲ್ಲಿ ನೀಲಿಯನ್ನಷ್ಟೇ ಇಳಿಸಿ. ಆದರೆ ಬಣ್ಣವಿಲ್ಲದ ವಸ್ತುವೇ ಫ್ರೇಮಿನಲ್ಲಿ ಇಲ್ಲದಿದ್ದರೆ ಮೂರು ಚಾನೆಲ್‌ಗಳನ್ನು ಸಮ ಮಾಡಲು ಹೋಗಬೇಡಿ. ಸೂರ್ಯಾಸ್ತವನ್ನು ಹಾಗೆ ಸಮ ಮಾಡಿದರೆ ಸಂಜೆಯೇ ಉಳಿಯುವುದಿಲ್ಲ.

ಮುಖಕ್ಕೆ, ಬಣ್ಣದ ಬಗೆ ಮತ್ತು ಗಾಢತೆಯನ್ನು ವೃತ್ತದ ಮೇಲೆ ಚುಕ್ಕೆಗಳಾಗಿ ತೋರಿಸುವ ವೆಕ್ಟರ್‌ಸ್ಕೋಪ್. ಕೆನ್ನೆಯ ಸುತ್ತ ಒಂದು ವಿಂಡೋ ಹಾಕಿ ಉಳಿದದ್ದನ್ನು ಮರೆಮಾಡಿ. ಬಿಳಿ ಬೆಳಕಿನಲ್ಲಿ ಮೈಬಣ್ಣ ಯಾವುದೇ ಆಗಿರಲಿ, ಚುಕ್ಕೆಗಳ ಗುಂಪು ಕೆಂಪು ಹಳದಿಗಳ ನಡುವಿನ ಚರ್ಮದ ಗೆರೆಯ ಆಸುಪಾಸಿನಲ್ಲೇ ಬೀಳುತ್ತದೆ. ಗುಂಪು ಗೆರೆಯ ಮೇಲೆಯೇ ಕೂರಬೇಕೆಂಬ ಹಟ ಬೇಡ. ಅದೇ ವ್ಯಕ್ತಿಯ ಮುಖ ಸ್ಟಿಲ್‌ನಲ್ಲಿ ಎಲ್ಲಿತ್ತೋ ಇಲ್ಲೂ ಅಲ್ಲೇ ಇರುವುದು ಮುಖ್ಯ.

ಮುಖವನ್ನಷ್ಟೇ, ಬಣ್ಣ ನೋಡಿ ಒಂದು ಭಾಗವನ್ನು ಬೇರ್ಪಡಿಸುವ ಸಾಧನವಾದ ಕ್ವಾಲಿಫೈಯರ್‌ನಿಂದ ಆರಿಸುವುದು ಕೊನೆಯ ದಾರಿ. 8 ಬಿಟ್, 4:2:0 ಫುಟೇಜ್‌ನಲ್ಲಿ ನಾಲ್ಕು ಪಿಕ್ಸೆಲ್‌ಗೆ ಒಂದೇ ಬಣ್ಣದ ಮಾಹಿತಿ ಇರುವುದರಿಂದ ಆಯ್ಕೆಯ ಅಂಚು ಚೌಕ ಚೌಕವಾಗಿ ಒಡೆದು, ಓಡಿಸಿದಾಗ ಮಿಣುಕುತ್ತದೆ. ನಾಯ್ಸ್ ಇಳಿಸಿದ ನೋಡ್‌ನಿಂದ ಕೀ (ಆ ಆಯ್ಕೆ) ತೆಗೆದು ಸ್ವಲ್ಪ ಬ್ಲರ್ ಕೊಟ್ಟರೆ ತಕ್ಕಮಟ್ಟಿಗೆ ನಿಲ್ಲುತ್ತದೆ.

ನಿಂತ ಫ್ರೇಮಿನಲ್ಲಿ ಹೊಂದಿದ್ದು ಓಡುವಾಗ ಹೊಂದದಿರಬಹುದು. ಹಿಂದಿನ, ಮುಂದಿನ ಶಾಟ್ ಸೇರಿಸಿ ಮೂರನ್ನೂ ಒಟ್ಟಿಗೆ ಓಡಿಸಿ, ಕಟ್ ಆಗುವ ಕಡೆ ಕಣ್ಣು ತಡೆಯುತ್ತದೆಯೇ ನೋಡಿ. ತಡೆದರೆ ಮತ್ತೆ ಲಿಫ್ಟ್‌ನಿಂದಲೇ ಶುರು ಮಾಡಿ.