ಎತ್ತಿಗೆ ಜ್ವರ, ಎಮ್ಮೆಗೆ ಬರೆ: ನನ್ನ ಬ್ಯಾಟರಿ ಪರದಾಟ

ರಿಮೋಟಿನಿಂದ ಹಾರಿಸುವ ನನ್ನ ಮಾದರಿ ವಿಮಾನ ಮೇಲೆದ್ದು ಮೂರು ನಿಮಿಷವಾಗಿತ್ತು. ಮೇಲೇರಿಸಲೆಂದು ಥ್ರಾಟಲ್ ಪೂರ್ತಿ ಕೊಟ್ಟೆ. ಮೋಟಾರಿನ ಸದ್ದು ಕತ್ತರಿಸಿದ ಹಾಗೆ ನಿಂತು, ವಿಮಾನ ಮೂತಿ ತಗ್ಗಿಸಿತು. ರೆಕ್ಕೆ, ಬಾಲದ ಫಲಕಗಳನ್ನು ತಿರುಗಿಸುವ ಸರ್ವೋಗಳು ಮಾತ್ರ ಹೇಳಿದ ಮಾತು ಕೇಳುತ್ತಿದ್ದವು, ಹಾಗಾಗಿ ತೇಲಿಸಿಕೊಂಡು ಬಂದು ಇಳಿಸಿದೆ. ಬ್ಯಾಟರಿ ಪ್ಯಾಕ್ ಬಿಚ್ಚಿ ಮಲ್ಟಿಮೀಟರ್ ಹಿಡಿದರೆ 11.5 ವೋಲ್ಟ್! 3ಎಸ್ 2200 ಎಂಎಎಚ್ ಲಿಪೋ ಅದು, ಅಂದರೆ ಮೂರು ಸೆಲ್ ಸಾಲಾಗಿ ಜೋಡಿಸಿದ ಲಿಥಿಯಂ ಪಾಲಿಮರ್ ಬ್ಯಾಟರಿ. ಸೆಲ್ ಒಂದಕ್ಕೆ 3.8ರ ಮೇಲೇ ಬಂತು, ಅಂದರೆ ಅರ್ಧದಷ್ಟು ಚಾರ್ಜ್ ಇನ್ನೂ ಒಳಗಿದೆ. ಬ್ಯಾಟರಿ ಸರಿಯಿದೆ ಎಂದು ಅಲ್ಲೇ ನಿಂತು ತೀರ್ಪು ಕೊಟ್ಟುಬಿಟ್ಟೆ. ಮುಂದಿನ ಎರಡು ವಾರದ ಪರದಾಟಕ್ಕೆಲ್ಲ ಆ ತೀರ್ಪೇ ಮೂಲ.

ಎರಡನೇ ಪ್ಯಾಕ್ ಹಾಕಿದೆ. ಅದೂ ಐದನೇ ನಿಮಿಷಕ್ಕೆ ಕೈಕೊಟ್ಟಿತು. ಮೊದಲೆಲ್ಲ ಅದರಲ್ಲಿ ಏಳು ನಿಮಿಷ ಆರಾಮಾಗಿ ಹಾರಿಸುತ್ತಿದ್ದೆ. ಎರಡೆರಡು ಬ್ಯಾಟರಿ ಒಟ್ಟಿಗೆ ಕೆಡುವುದುಂಟೇ? ಇದು ಇಎಸ್‌ಸಿಯದೇ (ಮೋಟಾರಿನ ವೇಗ ನಿಯಂತ್ರಿಸುವ ಸಾಧನದ್ದೇ) ದೋಷ ಅಂದುಕೊಂಡು ಹೊಸದೊಂದು ತರಿಸಿದೆ. ಅದಕ್ಕೆ ಕನೆಕ್ಟರ್ ಇರಲಿಲ್ಲ. ಹಳೆಯದರ ಎಕ್ಸ್‌ಟಿ60 ಕನೆಕ್ಟರನ್ನು ಬೆರಳುದ್ದ ತಂತಿಯ ಸಮೇತ ಕತ್ತರಿಸಿ ಹೊಸದಕ್ಕೆ ಬೆಸೆದುಬಿಟ್ಟೆ. (ಈ ಸೋಮಾರಿತನ ನೆನಪಿರಲಿ, ಮುಂದೆ ಬರುತ್ತದೆ.) ಮೊದಲ ಪ್ಯಾಕ್ ಹಾಕಿ ಹಾರಿಸಿದರೆ ಮತ್ತೆ ಅದೇ ಮೂರನೇ ನಿಮಿಷ, ಮತ್ತೆ ಅದೇ ಮೌನ.

ಆಗ ಬುದ್ಧಿ ಬಂತು. ಸುಮ್ಮನೆ ಕೂತ ಲಿಪೋದ ವೋಲ್ಟೇಜ್ ನೋಡಿ ಅದರ ಆರೋಗ್ಯ ಹೇಳಲಾಗದು. ಕೂತವನಿಗೆ ಏದುಸಿರು ಬರುವುದಿಲ್ಲ, ಮೆಟ್ಟಿಲು ಹತ್ತಿಸಿ ನೋಡಬೇಕು. ವಿಮಾನವನ್ನು ಬೆಂಚಿಗೆ ಬಿಗಿದು ಕಟ್ಟಿದೆ. ಪ್ರೊಪೆಲ್ಲರ್ ಬಿಚ್ಚಿದರೆ ಲೋಡೇ ಇರದು, ಪರೀಕ್ಷೆ ವ್ಯರ್ಥ. ಹಾಗಾಗಿ ಅದು ಮೋಟಾರಿಗೆ ಹಾಕಿಯೇ ಇರಬೇಕು, ನಾವು ಮಾತ್ರ ಅದರ ಹಿಂದೆ ದೂರದಲ್ಲಿರಬೇಕು, ಎದುರಿಗಾಗಲಿ ಪಕ್ಕಕ್ಕಾಗಲಿ ಅಲ್ಲ. ಪ್ಯಾಕ್ ಮತ್ತು ಇಎಸ್‌ಸಿ ನಡುವೆ ವ್ಯಾಟ್‌ಮೀಟರ್, ಪ್ರತಿ ಸೆಲ್ಲಿಗೂ ತಂತಿ ಇರುವ ಬ್ಯಾಲೆನ್ಸ್ ಪ್ಲಗ್ಗಿಗೆ ಸೆಲ್ ಚೆಕರ್. ಅರ್ಧ ಖಾಲಿಯಾದ ಮೊದಲ ಪ್ಯಾಕ್ ಸುಮ್ಮನಿದ್ದಾಗ ತೋರಿಸಿದ್ದು 3.84, 3.86, 3.86. ಥ್ರಾಟಲ್ ಪೂರ್ತಿ ಕೊಟ್ಟೆ, ಕರೆಂಟ್ 28 ಆಂಪಿಯರ್‌ಗೆ ಏರಿತು. ಎರಡನೇ ಮತ್ತು ಮೂರನೇ ಸೆಲ್ 3.55ರ ಆಸುಪಾಸಿನಲ್ಲಿ ನಿಂತವು. ಮೊದಲನೆಯದು ನೋಡನೋಡುತ್ತಲೇ 3.02ಕ್ಕೆ ಕುಸಿಯಿತು, ಮೋಟಾರ್ ನಿಂತಿತು. ಥ್ರಾಟಲ್ ಇಳಿಸಿದ ಮರುಕ್ಷಣ ಅದೇ ಸೆಲ್ ಏನೂ ಆಗಿಲ್ಲವೆಂಬಂತೆ 3.8ರತ್ತ ಏರತೊಡಗಿತು.

ಕಳ್ಳ ಸಿಕ್ಕ. ಚಾರ್ಜರಿನಲ್ಲಿ ಆಂತರಿಕ ರೋಧ (ಕರೆಂಟಿಗೆ ಸೆಲ್ಲಿನ ಒಳಗೇ ಎದುರಾಗುವ ಅಡ್ಡಿ) ನೋಡಿದರೆ ಉಳಿದೆರಡು ಸೆಲ್ 11 ಮಿಲಿಓಮ್, ಇದೊಂದು 30. ಮೊದಲೇ ನೋಡಬಾರದಿತ್ತೇ ಅಂದರೆ, ಆ ಗುಂಡಿ ಇದೆ ಅಂತ ಗೊತ್ತಿತ್ತು, ಒತ್ತಿರಲಿಲ್ಲ ಅಷ್ಟೇ.

ಆದರೆ ಲೆಕ್ಕ ಇನ್ನೂ ಕೂಡುತ್ತಿರಲಿಲ್ಲ. ಇಎಸ್‌ಸಿಗೆ ಕಾಣುವುದು ಒಟ್ಟು ವೋಲ್ಟೇಜ್ ಮಾತ್ರ, ಬಿಡಿ ಸೆಲ್ ಅಲ್ಲ. ನನ್ನದರ ಕಟ್‌ಆಫ್, ಅಂದರೆ ಬ್ಯಾಟರಿ ಉಳಿಸಲು ಅದು ಮೋಟಾರ್ ನಿಲ್ಲಿಸುವ ಮಟ್ಟ, ಸೆಲ್ಲಿಗೆ 3.2, ಒಟ್ಟು 9.6. ಮೋಟಾರ್ ನಿಂತಾಗ ವ್ಯಾಟ್‌ಮೀಟರ್ ತೋರಿಸಿದ್ದು 10.1. ಎರಡನೇ ಪ್ಯಾಕ್ ಹಾಕಿ ಓಡಿಸಿದೆ. ಅದರ ಮೂರೂ ಸೆಲ್ ಸಮನಾಗಿ 3.38ಕ್ಕೆ ಬಂದವು, ಅಲ್ಲೂ 10.1ಕ್ಕೇ ನಿಂತಿತು. ನಡುವಿನ ಅರ್ಧ ವೋಲ್ಟ್ ಎಲ್ಲಿ ಹೋಯಿತು?

ಮೋಟಾರ್ ನಿಲ್ಲಿಸಿ, ಪ್ಯಾಕ್ ಬಿಚ್ಚುವಾಗ ಬೆರಳಿಗೆ ಚುರುಕ್ ಅಂತು. ಇಎಸ್‌ಸಿ ಕಡೆಯ ಕನೆಕ್ಟರ್ ಕಾದ ದೋಸೆಹಂಚಾಗಿತ್ತು. ಶ್ರಿಂಕ್ ಟ್ಯೂಬ್ ಸೀಳಿ ನೋಡಿದರೆ, ಕೆಂಪು ತಂತಿಯ ಬೆಸುಗೆ ಹೊಳಪಿಲ್ಲದೆ ಬೂದಿಬಣ್ಣಕ್ಕೆ ತಿರುಗಿದೆ, ತಂತಿ ಅಲುಗಾಡಿಸಿದರೆ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು. 28 ಆಂಪಿಯರ್ ಹರಿಯುವಲ್ಲಿ ಅರ್ಧ ವೋಲ್ಟ್ ಬಿದ್ದರೆ 14 ವ್ಯಾಟ್ ಶಾಖ. ಸಣ್ಣದೊಂದು ಸಾಲ್ಡರಿಂಗ್ ಐರನ್ನನ್ನೇ ವಿಮಾನದೊಳಗೆ ಇಟ್ಟ ಹಾಗೆ. ಹಳೆಯ ಇಎಸ್‌ಸಿ ಕಿತ್ತು, ಅದರ ರೋಗವನ್ನು ಮಾತ್ರ ಜೋಪಾನವಾಗಿ ಕತ್ತರಿಸಿ ಹೊಸದಕ್ಕೆ ಕಸಿ ಮಾಡಿದ್ದೆ ನಾನು.

ಹೊಸ ಕನೆಕ್ಟರ್ ಹಾಕಿದೆ. ದಪ್ಪ ತಂತಿಗೆ ಸಣ್ಣ ಮೊನೆಯ ಐರನ್ ಸಾಲದು; 60 ವ್ಯಾಟಿನದು, ಅಗಲ ಮೊನೆಯದು ಬೇಕು. ತಂತಿಗೂ ಕನೆಕ್ಟರ್ ಬಟ್ಟಲಿಗೂ ಬೇರೆಬೇರೆಯಾಗಿ ಸೀಸ ಹತ್ತಿಸಿ ಆಮೇಲೆ ಕೂಡಿಸಬೇಕು. ಬೆಸೆಯುವಾಗ ಎದುರು ಜೋಡಿಯನ್ನು ಸಿಕ್ಕಿಸಿಟ್ಟರೆ ಪ್ಲಾಸ್ಟಿಕ್ ಮೆತ್ತಗಾಗಿ ಪಿನ್ ಓರೆಯಾಗುವುದಿಲ್ಲ. ಆ ಜೋಡಿಗೆ ಬ್ಯಾಟರಿ ಮಾತ್ರ ತಗುಲಿಕೊಂಡಿರಬಾರದು.

ಇನ್ನು ಆ ಸೆಲ್ ಕೆಟ್ಟಿದ್ದು ಹೇಗೆ? ಅದೂ ನನ್ನದೇ ಘನಕಾರ್ಯ. ವೋಲ್ಟೇಜ್ ಅಲಾರ್ಮ್ ಒಂದನ್ನು ಬ್ಯಾಲೆನ್ಸ್ ಪ್ಲಗ್ಗಿನಲ್ಲೇ ಬಿಟ್ಟು ಮೂರು ದಿನ ಮರೆತಿದ್ದೆ. ಇಂಥ ಎಷ್ಟೋ ಅಗ್ಗದ ಅಲಾರ್ಮ್‌ಗಳು ತಮ್ಮ ಹೊಟ್ಟೆಗೆ ಬೇಕಾದ್ದನ್ನು ಎಲ್ಲ ಸೆಲ್ಲಿನಿಂದ ಸಮನಾಗಿ ತೆಗೆಯುವುದಿಲ್ಲ. ನೋಡಿದಾಗ ಮೊದಲ ಸೆಲ್ 3 ವೋಲ್ಟಿಗಿಂತ ಕೆಳಗೆ ಹೋಗಿತ್ತು. ಎಲ್ಲ ಸೆಲ್ಲನ್ನೂ ಒಂದೇ ಮಟ್ಟಕ್ಕೆ ತರುವ ಬ್ಯಾಲೆನ್ಸ್ ಚಾರ್ಜ್ ಮಾಡಿದೆ, 4.20 ತೋರಿಸಿತು, ಬಚಾವಾಯಿತು ಅಂದುಕೊಂಡೆ. ಹಾಗೆ ಆಳಕ್ಕೆ ಇಳಿದ ಸೆಲ್ಲನ್ನು ಮತ್ತೆ ಚಾರ್ಜಿಗೆ ಹಾಕಿದ್ದೇ ತಪ್ಪು. ಬೆಂಕಿ ಹತ್ತದೇ ಇದ್ದದ್ದು ನನ್ನ ಪುಣ್ಯ. ಆ ಪ್ಯಾಕನ್ನು ಹೊರಗೆ ಬಯಲಿನಲ್ಲಿಟ್ಟು, ಸಣ್ಣ ಬಲ್ಬಿಗೆ ಜೋಡಿಸಿ ಪೂರ್ತಿ ಖಾಲಿ ಮಾಡಿ, ತುದಿಗಳಿಗೆ ಟೇಪ್ ಸುತ್ತಿ ಇ-ತ್ಯಾಜ್ಯಕ್ಕೆ ಕೊಟ್ಟೆ.

ಇಎಸ್‌ಸಿಯ ಕಟ್‌ಆಫನ್ನು ಹಾರ್ಡ್‌ನಿಂದ ಸಾಫ್ಟ್‌ಗೆ ಬದಲಿಸಿದ್ದೇನೆ. ಈಗ ಮೋಟಾರ್ ಥಟ್ಟನೆ ನಿಲ್ಲುವ ಬದಲು ಸೊರಗುತ್ತದೆ, ಇಳಿಸಲು ಪುರುಸೊತ್ತು ಸಿಗುತ್ತದೆ. ಟೈಮರ್ ಆರು ನಿಮಿಷಕ್ಕೆ. ಮರುಚಾರ್ಜಿನಲ್ಲಿ ಎಷ್ಟು ಎಂಎಎಚ್ ಒಳಹೋಯಿತೆಂದು ಪ್ಯಾಕಿನ ಮೈಮೇಲಿನ ಪಟ್ಟಿಯಲ್ಲೇ ಬರೆಯುತ್ತೇನೆ. 1,700 ದಾಟಿದರೆ ಟೈಮರ್ ಅರ್ಧ ನಿಮಿಷ ಕಡಿಮೆ. ಪ್ಯಾಕ್ ಎಷ್ಟು ಕರೆಂಟ್ ಕೊಡಬಲ್ಲದೆಂದು ಹೇಳುವ, ಲೇಬಲ್ಲಿನ ಮೇಲಿರುವ ಸಿ ಸಂಖ್ಯೆಯನ್ನು ನಂಬುವುದು ಬಿಟ್ಟಿದ್ದೇನೆ.

ಬರೆ ಎಳೆಸಿಕೊಂಡ ಹಳೆಯ ಇಎಸ್‌ಸಿಗೂ ಹೊಸ ಕನೆಕ್ಟರ್ ಹಾಕಿ ಇನ್ನೊಂದು ವಿಮಾನದಲ್ಲಿ ಕೂರಿಸಿದೆ. ಒಂದು ದಿನವೂ ತಕರಾರು ಮಾಡಿಲ್ಲ.