ಹಿಸ್ಟಾಲಜಿ ಲ್ಯಾಬಿನಲ್ಲಿ ಯಾವ ಕೆಲಸ ‘ಹೈ ಕಾಂಪ್ಲೆಕ್ಸಿಟಿ’? ನಾನು ಪಟ್ಟಿ ಮಾಡಿದ ಬಗೆ

ಅಮೆರಿಕದಲ್ಲಿ ಒಂದು ಚರ್ಮರೋಗ ಕ್ಲಿನಿಕ್ಕಿಗೆ ಸೇರಿದ ಚಿಕ್ಕ ಲ್ಯಾಬಿನಲ್ಲಿ ನಾನು ಹಿಸ್ಟೋಟೆಕ್, ಅಂದರೆ ಬಯಾಪ್ಸಿ ತುಂಡಿನಿಂದ ಮೈಕ್ರೋಸ್ಕೋಪಿಗೆ ಸ್ಲೈಡ್ ತಯಾರಿಸುವವಳು. ಇಲ್ಲಿ ಲ್ಯಾಬ್ ನಡೆಸೋಕೆ ಕ್ಲಿಯಾ (CLIA) ಅನ್ನೋ, ಲ್ಯಾಬುಗಳ ಗುಣಮಟ್ಟದ ಫೆಡರಲ್ ಕಾನೂನು ಪಾಲಿಸಲೇಬೇಕು. ಕಾನೂನು 1988ರದು, ವಿವರವಾದ ನಿಯಮಗಳು 1992ರಲ್ಲಿ ಬಂದವು. ಅದರಂತೆ ಪ್ರತಿ ಪರೀಕ್ಷೆಗೂ ಒಂದು ದರ್ಜೆ: ವೇವ್ಡ್ (ತೀರಾ ಸರಳ), ಮಾಡರೇಟ್ (ಮಧ್ಯಮ), ಇಲ್ಲವೇ ಹೈ (ಹೆಚ್ಚು ಕ್ಲಿಷ್ಟ). ಆ ದರ್ಜೆಯ ಮೇಲೆ ಆ ಕೆಲಸವನ್ನು ಯಾರು ಮಾಡಬಹುದು ಅನ್ನೋದು ನಿಂತಿದೆ. ತಪಾಸಣೆಗೆ ಮುಂಚೆ, ಯಾವ ಕೆಲಸ ಯಾವ ದರ್ಜೆ ಅನ್ನೋ ನಮ್ಮ ಪಟ್ಟಿ ಹೊಸದಾಗಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ನಾನು ಪರೀಕ್ಷೆಗಳ ಹೆಸರಿನಿಂದ ಶುರು ಮಾಡಲಿಲ್ಲ. ಬಯಾಪ್ಸಿ ತುಂಡು ಒಳಗೆ ಬಂದಾಗಿನಿಂದ ವರದಿ ಹೊರಗೆ ಹೋಗುವವರೆಗೆ ಯಾವ ಮೇಜಿನ ಮೇಲೆ ಏನು ನಡೆಯುತ್ತದೆ, ಯಾರು ಮಾಡುತ್ತಾರೆ ಅಂತ ಬರೆದುಕೊಂಡೆ. ಪ್ರತಿ ಸಾಲಿಗೂ ಒಂದೇ ಪ್ರಶ್ನೆ: ವರದಿಗೆ ಹೋಗುವ ಮಾಹಿತಿ ಇಲ್ಲಿ ಹುಟ್ಟುತ್ತದಾ, ಇಲ್ವಾ?

ಪ್ರೊಸೆಸಿಂಗ್ (ತುಂಡಿನ ನೀರು ತೆಗೆದು ಮೇಣ ಇಳಿಸೋದು), ಎಂಬೆಡಿಂಗ್ (ಮೇಣದ ಅಚ್ಚಿನಲ್ಲಿ ಕೂರಿಸೋದು), ಮೈಕ್ರೋಟೋಮ್ ಯಂತ್ರದಲ್ಲಿ ತೆಳು ಪದರವಾಗಿ ಕತ್ತರಿಸೋದು, ಹಿಮಾಟಾಕ್ಸಿಲಿನ್-ಇಯೋಸಿನ್ ಬಣ್ಣ ಹಾಕೋದು, ಇದೆಲ್ಲ ಬರೀ ತಯಾರಿ. ಕ್ಲಿಯಾ ಲೆಕ್ಕದಲ್ಲಿ ಪರೀಕ್ಷೆಯೇ ಅಲ್ಲ, ಆದ್ದರಿಂದ ಇಂಥದ್ದೇ ಡಿಗ್ರಿ ಬೇಕು ಅಂತ ಅದು ಕೇಳುವುದಿಲ್ಲ. ನನಗೆ ಇದು ಈಗಲೂ ಸ್ವಲ್ಪ ಕಸಿವಿಸಿ. 4 ಮೈಕ್ರಾನಿನ ರಿಬ್ಬನ್ ಸುಕ್ಕಿಲ್ಲದೆ ನೀರಿನ ಮೇಲೆ ಬಿಡೋಕೆ ಕೈ ಪಳಗಬೇಕು, ಅದಕ್ಕೆ ವರ್ಷಗಳು ಬೇಕು. ಆದರೆ ಕಡಲೆಕಾಳಿನಷ್ಟು ತುಂಡನ್ನು ಸ್ಕೇಲಿನಲ್ಲಿ ಅಳೆದು, ಬಣ್ಣ ಹೇಳಿ, ಎರಡು ಭಾಗ ಮಾಡಿ ಕ್ಯಾಸೆಟ್ಟಿಗೆ ಹಾಕಿದರೆ ಅದು ಗ್ರಾಸಿಂಗ್. ಆ ಅಳತೆ, ಬಣ್ಣ ವರದಿಗೆ ಹೋಗುತ್ತವೆ, ಹಾಗಾಗಿ ಅದು ಪರೀಕ್ಷೆ, ಅದೂ ಹೈ ಕಾಂಪ್ಲೆಕ್ಸಿಟಿ!

ಯಾಕೆ ಅಂತ ತಿಳಿಯೋಕೆ ನಾನೇ ಅಂಕ ಹಾಕಿ ನೋಡಿದೆ. ನಿಯಮದಲ್ಲಿ ಏಳು ಅಳತೆಗೋಲುಗಳಿವೆ: ಬೇಕಾದ ತಿಳಿವಳಿಕೆ, ತರಬೇತಿ ಮತ್ತು ಅನುಭವ, ರಾಸಾಯನಿಕಗಳ ತಯಾರಿ, ಕೆಲಸದ ಹಂತಗಳು, ಕಂಟ್ರೋಲ್ ಸಾಮಗ್ರಿ (ಫಲಿತಾಂಶ ಮೊದಲೇ ಗೊತ್ತಿರುವ ಮಾದರಿ) ಸಿಗುತ್ತದೋ ಇಲ್ಲವೋ, ತೊಂದರೆ ಬಂದರೆ ಸರಿಪಡಿಸೋದು, ಕೊನೆಗೆ ಸ್ವಂತ ತೀರ್ಮಾನ. ಒಂದೊಂದಕ್ಕೂ 1ರಿಂದ 3 ಅಂಕ. ಒಟ್ಟು 12 ಅಥವಾ ಕಡಿಮೆ ಆದರೆ ಮಾಡರೇಟ್, 12 ದಾಟಿದರೆ ಹೈ. ಗ್ರಾಸಿಂಗಿನಲ್ಲಿ ರಾಸಾಯನಿಕಕ್ಕೆ ನಾನು ಕೊಟ್ಟಿದ್ದು 1, ಫಾರ್ಮಲಿನ್ ಸಿದ್ಧವಾಗಿಯೇ ಬರುತ್ತದೆ ಅಲ್ವಾ. ಸರಿಪಡಿಸೋದಕ್ಕೆ 2. ಉಳಿದ ಐದಕ್ಕೂ 3. ಒಟ್ಟು 18. ಇದು ಬರೀ ನನ್ನ ಸಮಾಧಾನಕ್ಕೆ. ಮಾರುಕಟ್ಟೆಯ ಪರೀಕ್ಷಾ ಕಿಟ್‌ಗಳಿಗೆ ದರ್ಜೆ ಕೊಡುವುದು ಎಫ್‌ಡಿಎ (ಔಷಧ, ವೈದ್ಯಕೀಯ ಸಾಧನಗಳನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆ), ಲ್ಯಾಬ್ ಅಲ್ಲ. ಅವರ ಆನ್‌ಲೈನ್ ಪಟ್ಟಿಯಲ್ಲಿ ಹುಡುಕಿದರೆ ಸಿಗುತ್ತದೆ. ದರ್ಜೆಯೇ ಸಿಗದ ಪರೀಕ್ಷೆ ತಾನಾಗಿ ಹೈ. ಕಿಟ್ಟಿನ ಸೂಚನೆ ಬಿಟ್ಟು ನಾವೇನಾದರೂ ಬದಲಾಯಿಸಿದರೆ ಅದೂ ಹೈ.

ಜಾಸ್ತಿ ಹೊತ್ತು ಹಿಡಿದದ್ದು ಜನರ ಕಡತ. ಪೆಥಾಲಜಿಸ್ಟ್ ಬಿಟ್ಟು ಬೇರೆಯವರು ಗ್ರಾಸಿಂಗ್ ಮಾಡಬೇಕಾದರೆ ಕಡೇಪಕ್ಷ ಲ್ಯಾಬ್ ವಿಷಯದ ಅಸೋಸಿಯೇಟ್ ಡಿಗ್ರಿ (ಎರಡು ವರ್ಷದ ಕಾಲೇಜು ಪದವಿ) ಅಥವಾ ಅದಕ್ಕೆ ಸಮನಾದ ಓದು ಬೇಕು. ಸಮನಾದದ್ದು ಅಂದರೆ 60 ಸೆಮಿಸ್ಟರ್ ಗಂಟೆ (ಕಾಲೇಜಿನ ಕ್ರೆಡಿಟ್ ಲೆಕ್ಕ), ಅದರಲ್ಲಿ 24 ಗಂಟೆ ವಿಜ್ಞಾನ ಅಥವಾ ಲ್ಯಾಬ್ ಪಾಠ, ಜೊತೆಗೆ ಲ್ಯಾಬ್ ತರಬೇತಿಯ ದಾಖಲೆ. ಹಿಸ್ಟೋಟೆಕ್ ಸರ್ಟಿಫಿಕೇಟ್ ಒಂದೇ ಇದ್ದರೆ ಸಾಲದು. ಕರ್ನಾಟಕದಿಂದ ಬಂದು ಈ ಕೆಲಸ ಹುಡುಕುವವರಿಗೆ ಒಂದು ಮಾತು. ಸಿಬಿಜೆಡ್ (ಕೆಮಿಸ್ಟ್ರಿ, ಬಾಟನಿ, ಜುವಾಲಜಿ) ತೆಗೆದುಕೊಂಡು ಬಿಎಸ್ಸಿ ಮಾಡಿದ್ದರೆ ಕೆಮಿಸ್ಟ್ರಿ, ಬಯಾಲಜಿ ಎರಡೂ ಧಾರಾಳವಾಗಿ ಇರುತ್ತವೆ. ಆದರೆ ಡಿಗ್ರಿಯನ್ನು ಇಲ್ಲಿನ ಓದಿಗೆ ಹೋಲಿಸಿದ ಮೌಲ್ಯಮಾಪನ ವರದಿ ಕೈಯಲ್ಲಿ ಇರಬೇಕು. ಬರೀ ಮಾರ್ಕ್ಸ್ ಕಾರ್ಡ್ ತೋರಿಸಿದರೆ ಒಪ್ಪುವುದಿಲ್ಲ. ವಿಷಯವಾರು ವಿವರ ಇರುವ ವರದಿಯನ್ನೇ ಮಾಡಿಸಿ, ದುಡ್ಡು ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ.

ಕೆಒಎಚ್ ಸ್ಲೈಡಿಗೆ (ಚರ್ಮದ ಕೆರೆತಕ್ಕೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿದ್ದು) ಬೇರೆಯದೇ ಸಾಲು ಬೇಕಾಯಿತು. ಶಿಲೀಂಧ್ರ ಇದೆಯಾ ಅಂತ ಡಾಕ್ಟರು ರೋಗಿ ಕೂತಿರುವಾಗಲೇ ಸ್ವತಃ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಅದು ಮಾಡರೇಟ್ ಒಳಗಿನ ಒಂದು ಉಪದರ್ಜೆ. ಅದೇ ಮೈಕ್ರೋಸ್ಕೋಪಿನಲ್ಲಿ ಬಯಾಪ್ಸಿ ಸ್ಲೈಡ್ ಓದಿದರೆ ಹೈ. ಮೋಸ್ (Mohs) ಸರ್ಜರಿಯಲ್ಲೂ, ಅಂದರೆ ಚರ್ಮದ ಕ್ಯಾನ್ಸರನ್ನು ಪದರ ಪದರವಾಗಿ ತೆಗೆದು ಆಗಲೇ ಪರೀಕ್ಷಿಸುವಾಗಲೂ, ಫ್ರೋಜನ್ ಸೆಕ್ಷನ್ (ಹೆಪ್ಪುಗಟ್ಟಿಸಿ ಕತ್ತರಿಸಿದ ಪದರ) ಓದುವ ಸರ್ಜನ್ನಿನ ಕೆಲಸ ಹೈ. ಆ ಪದರ ಕತ್ತರಿಸುವ ಕ್ರಯೋಸ್ಟಾಟ್ ಯಂತ್ರ ತಿರುಗಿಸುವ ನಾನು ಇಲ್ಲೂ ತಯಾರಿಯವಳೇ.

ಇಮ್ಯುನೋ ಸ್ಟೈನ್ (ಪ್ರತಿಕಾಯ ಬಳಸಿ ಒಂದು ನಿರ್ದಿಷ್ಟ ಪ್ರೋಟೀನಿಗೆ ಬಣ್ಣ ಬರಿಸೋದು) ವಿಷಯದಲ್ಲಿ ಮೆಷಿನ್ ಎಲ್ಲ ಮಾಡುತ್ತದಲ್ಲ, ಹೈ ಯಾಕೆ ಅಂತ ಜೊತೆಯವರೊಬ್ಬರು ಕೇಳಿದರು. ಮೆಷಿನ್ನಿಗೆ ಸ್ಲೈಡ್ ಹಾಕೋದು ತಯಾರಿ. ಕಂದು ಬಣ್ಣ ಬಂದದ್ದು ನಿಜವಾದ ಪಾಸಿಟಿವ್ವಾ, ಸುಮ್ನೆ ಹಿನ್ನೆಲೆಯಾ ಅಂತ ಹೇಳೋದು ಪರೀಕ್ಷೆ. ಪ್ರತಿ ಸಲ ಹಾಕಿದಾಗಲೂ ಪಾಸಿಟಿವ್, ನೆಗೆಟಿವ್ ಎರಡೂ ಕಂಟ್ರೋಲ್ ನೋಡಿ ದಾಖಲಿಸಬೇಕು.

ಕೊನೆಯ ಕಾಲಂ, ಹೊರಗಿನ ಪ್ರಾವೀಣ್ಯ ಪರೀಕ್ಷೆ (ಹೊರಗಿನ ಸಂಸ್ಥೆ ಕಳಿಸಿದ ಮಾದರಿ ಪರೀಕ್ಷಿಸಿ ತೋರಿಸೋದು) ಕಡ್ಡಾಯವಲ್ಲದ ಕೆಲಸಗಳಿಗೆ. ನಮ್ಮಲ್ಲಿ ಹೆಚ್ಚಿನವು ಅಂಥವೇ. ಅವುಗಳ ನಿಖರತೆಯನ್ನು ವರ್ಷಕ್ಕೆ ಎರಡು ಸಲವಾದರೂ ನಾವೇ ತಾಳೆ ನೋಡಬೇಕು. ನಾವು ಇನ್ನೊಂದು ಲ್ಯಾಬಿನ ಜೊತೆ ಸ್ಲೈಡ್ ಬದಲಾಯಿಸಿಕೊಂಡು ಓದಿಸುತ್ತೇವೆ. ಯಾವ ತಿಂಗಳು, ಯಾರು ಕಳಿಸಬೇಕು ಅನ್ನೋದನ್ನೂ ಪಟ್ಟಿಯಲ್ಲೇ ಬರೆದಿಟ್ಟೆ.