ಬಲೂ ಆಫ್ ಮಾಡಬೇಡಿ, ದಾರಿಗೆ ತನ್ನಿ

ಲ್ಯಾಪ್‌ಟಾಪಿನ ಫ್ಯಾನ್ ಒಂದೇ ಸಮನೆ ಜೋರಾಗಿ ತಿರುಗುತ್ತಿದೆ ಎಂದು ಲಿನಕ್ಸ್‌ನ ಕೆಡಿಇ ಡೆಸ್ಕ್‌ಟಾಪ್ ಬಳಸುವ ಯಾರನ್ನೇ ಕೇಳಿ, ಮೊದಲು ಬರುವ ಸಲಹೆ ‘ಬಲೂ ಆಫ್ ಮಾಡಿ’ ಅಂತಲೇ. ಫೈಲುಗಳನ್ನು ಓದಿಟ್ಟುಕೊಂಡು ಹುಡುಕಿಕೊಡುವ ಕೆಡಿಇಯ ಸೇವೆ ಈ ಬಲೂ. ಆ ಸಲಹೆಯನ್ನು ನಾನು ಒಪ್ಪುವುದಿಲ್ಲ. ಧಾರವಾಡದಲ್ಲಿ ಕೂತು ಪುಸ್ತಕಗಳ ಕರಡು ತಿದ್ದುವುದು ನನ್ನ ಕಸುಬು. ಒಬ್ಬ ಲೇಖಕರು ಒಂದು ಊರಿನ ಹೆಸರನ್ನು ಹಿಂದಿನ ಪುಸ್ತಕದಲ್ಲಿ ಹೇಗೆ ಬರೆದಿದ್ದರು ಎಂದು ನೋಡಬೇಕಾದಾಗ ನೂರಾರು ಹಸ್ತಪ್ರತಿಗಳ ಒಳಗನ್ನು ಕ್ಷಣದಲ್ಲಿ ಹುಡುಕಿಕೊಡುವುದು ಇದೇ ಬಲೂ. ಅದರ ತೊಂದರೆ ಏನೆಂದರೆ, ಹೇಳದೆ ಬಿಟ್ಟರೆ ಬೇಕಾದದ್ದು ಬೇಡವಾದದ್ದು ಎಲ್ಲವನ್ನೂ ಓದುತ್ತ ಕೂರುತ್ತದೆ. ಎಲ್ಲಿ ಓದಬೇಕು, ಎಲ್ಲಿ ಓದಬಾರದು ಎಂದು ಹೇಳಿಕೊಟ್ಟರೆ ಸದ್ದಿಲ್ಲದೆ ಕೆಲಸ ಮಾಡುತ್ತದೆ.

2014ರಲ್ಲಿ ಕೆಡಿಇ 4.13ರ ಜೊತೆಗೆ, ನೆಪೊಮುಕ್ ಎಂಬ ಹಳೆಯ ಹುಡುಕಾಟದ ಸೇವೆಯ ಜಾಗಕ್ಕೆ ಬಂದ ಸೇವೆ ಇದು. ಮನೆ ಫೋಲ್ಡರಿನ ಫೈಲುಗಳ ಹೆಸರು ಮತ್ತು ಒಳಗಿನ ಪದಗಳನ್ನು ಓದಿ ಒಂದು ಸೂಚಿ ಕಟ್ಟುತ್ತದೆ. ಫೈಲುಗಳನ್ನು ನೋಡುವ ಡಾಲ್ಫಿನ್‌ನಲ್ಲಿ ಅಥವಾ ಹುಡುಕಾಟದ ಪಟ್ಟಿಯಾದ ಕೆರನ್ನರ್‌ನಲ್ಲಿ ನೀವು ಹುಡುಕಿದಾಗ ಉತ್ತರ ಬರುವುದು ಆ ಸೂಚಿಯಿಂದ. ಸೆಟ್ಟಿಂಗ್ಸ್‌ನಲ್ಲೂ ಇದಕ್ಕೊಂದು ಪುಟ ಇದೆ, ಆದರೆ ನಿಜವಾದ ಹಿಡಿತ ಸಿಗುವುದು ಟರ್ಮಿನಲ್‌ನಲ್ಲಿ.

ಕಮಾಂಡ್‌ಗಳನ್ನು ಇಲ್ಲಿ ಓದುವ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಿ. ಮುಖ್ಯ ಕಮಾಂಡ್ ‘ಬಲೂಸಿಟಿಎಲ್’: ಬಿ, ಎ, ಎಲ್, ಒ, ಒ, ಸಿ, ಟಿ, ಎಲ್, ನಡುವೆ ಜಾಗ ಬೇಡ. ಕೆಡಿಇಯ ಡೆಸ್ಕ್‌ಟಾಪ್ ಪ್ಲಾಸ್ಮಾದ 6ನೇ ಆವೃತ್ತಿ ಇರುವವರು ಕೊನೆಗೆ 6 ಸೇರಿಸಬೇಕು. ಕೆಡಿಇ ಜೊತೆಗೇ ಬರುವ ಲಿನಕ್ಸ್ ಆದ ಕುಬುಂಟು 24.04ರಲ್ಲಿ ಇನ್ನೂ ಪ್ಲಾಸ್ಮಾ 5.27 ಇರುವುದರಿಂದ ಅಲ್ಲಿ 6 ಬೇಡ. ‘ಬಲೂಸರ್ಚ್’, ‘ಬಲೂಶೋ’ ಎಂಬ ಇನ್ನೆರಡು ಕಮಾಂಡ್‌ಗಳಿಗೂ ಇದೇ ನಿಯಮ.

ಮೊದಲು ಸ್ಥಿತಿ ನೋಡಿ:

ಬಲೂಸಿಟಿಎಲ್ ಸ್ಟೇಟಸ್

ಸೇವೆ ಓಡುತ್ತಿದೆಯೇ, ಎಷ್ಟು ಫೈಲ್ ಓದಿಯಾಗಿದೆ, ಎಷ್ಟು ಸರದಿಯಲ್ಲಿವೆ, ಎಷ್ಟು ವಿಫಲವಾಗಿವೆ, ಸೂಚಿಯ ಗಾತ್ರ ಎಷ್ಟು, ಎಲ್ಲ ಇಲ್ಲಿ ಕಾಣುತ್ತದೆ. ‘ಐಡಲ್’ ಎಂದಿದ್ದರೆ ಅದು ಸುಮ್ಮನಿದೆ, ಫ್ಯಾನಿನ ಸದ್ದಿಗೆ ಕಾರಣ ಬೇರೆ ಹುಡುಕಿ. ‘ಪವರ್‌ಸೇವ್’ ಎಂದಿದ್ದರೆ ಲ್ಯಾಪ್‌ಟಾಪ್ ಬ್ಯಾಟರಿ ಮೇಲಿದೆ ಎಂದರ್ಥ. ಬ್ಯಾಟರಿಯಲ್ಲಿರುವಾಗ ಬಲೂ ಫೈಲಿನ ಒಳಗನ್ನು ಓದುವುದಿಲ್ಲ. ಮಧ್ಯಾಹ್ನ ಕರೆಂಟ್ ಹೋಗುವ ನಮ್ಮಂಥ ಊರುಗಳಲ್ಲಿ ಇದು ನೆನಪಿರಲಿ: ಸರದಿಯ ಸಂಖ್ಯೆ ಇಳಿಯುತ್ತಿಲ್ಲ ಎಂದರೆ ಕೆಟ್ಟಿದೆ ಎಂದಲ್ಲ, ಚಾರ್ಜರ್ ಚುಚ್ಚಿದರೆ ಮುಂದುವರಿಯುತ್ತದೆ.

ಓದುತ್ತಿದೆ ಎಂದಾದರೆ ಯಾವುದನ್ನು ಎಂದು ನೋಡಿ:

ಬಲೂಸಿಟಿಎಲ್ ಮಾನಿಟರ್

ಈಗ ಓದುತ್ತಿರುವ ಫೈಲುಗಳ ಹೆಸರು ಒಂದೊಂದಾಗಿ ತೆರೆಯ ಮೇಲೆ ಬರುತ್ತವೆ. ಎರಡು ನಿಮಿಷ ನೋಡಿ, ಕಂಟ್ರೋಲ್-ಸಿ ಒತ್ತಿ ಹೊರಬನ್ನಿ. ಹೆಚ್ಚಿನ ಸಲ ತಪ್ಪಿತಸ್ಥ ಫೋಲ್ಡರ್ ಇಲ್ಲೇ ಸಿಕ್ಕಿಬೀಳುತ್ತದೆ: ಬ್ಯಾಕಪ್ ಪ್ರತಿಗಳು, ಇಮೇಲ್ ಸಂಗ್ರಹ, ಯಾವುದೋ ಪ್ರೋಗ್ರಾಂ ನಿಮಿಷಕ್ಕೊಮ್ಮೆ ಬರೆಯುತ್ತಿರುವ ಲಾಗ್. ಓಡುತ್ತಿರುವ ಪ್ರೋಗ್ರಾಂಗಳನ್ನು ತೋರಿಸುವ ‘ಟಾಪ್’ ಕಮಾಂಡ್‌ನಲ್ಲಿ ಬಲೂ ಮುಂದೆ 256 ಜಿಬಿ ವರ್ಚುವಲ್ ಮೆಮೊರಿ ಎಂದು ಕಂಡು ಗಾಬರಿಯಾಗುವವರಿದ್ದಾರೆ. ಎಲ್‌ಎಂಡಿಬಿ ಎಂಬ ಅದರ ಡೇಟಾಬೇಸ್ ಕಾದಿರಿಸುವ ವಿಳಾಸದ ಜಾಗ ಅದು, ಬಳಸಿದ ಮೆಮೊರಿ ಅಲ್ಲ. ನೋಡಬೇಕಾದ್ದು ಅದರ ಪಕ್ಕದ ‘ಆರ್‌ಇಎಸ್’ ಕಾಲಂ.

ತಪ್ಪಿತಸ್ಥ ಫೋಲ್ಡರ್ ಸಿಕ್ಕಿತಲ್ಲ, ಅದನ್ನು ಹೊರಗಿಡಿ:

ಬಲೂಸಿಟಿಎಲ್ ಕಾನ್ಫಿಗ್ ಆ್ಯಡ್ ಎಕ್ಸ್‌ಕ್ಲೂಡ್‌ಫೋಲ್ಡರ್ಸ್ ~/ಬ್ಯಾಕಪ್

‘ಎಕ್ಸ್‌ಕ್ಲೂಡ್‌ಫೋಲ್ಡರ್ಸ್’ ಒಂದೇ ಪದ, ನಡುವಿನ ಎಫ್ ಮಾತ್ರ ದೊಡ್ಡಕ್ಷರ. ‘~’ ಎಂದರೆ ನಿಮ್ಮ ಮನೆ ಫೋಲ್ಡರ್. ಹೊರಗಿಟ್ಟದ್ದನ್ನು ಮತ್ತೆ ಒಳಗೆ ತರಲು ‘ಆ್ಯಡ್’ ಬದಲು ‘ಆರ್‌ಎಂ’, ಪಟ್ಟಿ ನೋಡಲು ‘ಲಿಸ್ಟ್’. ಫೋಲ್ಡರಿನ ಹೆಸರು ಕನ್ನಡದಲ್ಲಿದ್ದರೂ ನಡೆಯುತ್ತದೆ; ಹೆಸರಿನ ನಡುವೆ ಜಾಗ ಇದ್ದರೆ ಮಾತ್ರ, ‘~/’ ಅನ್ನು ಹೊರಗೆ ಬಿಟ್ಟು, ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಇಡಿ.

ನಾನು ಇದಕ್ಕಿಂತ ಬಿಗಿಯಾದ ಕ್ರಮ ಇಟ್ಟುಕೊಂಡಿದ್ದೇನೆ, ನನಗೆ ಅದೇ ಸರಿ ಅನಿಸುತ್ತದೆ. ‘ಇನ್‌ಕ್ಲೂಡ್‌ಫೋಲ್ಡರ್ಸ್’ ಪಟ್ಟಿಯಿಂದ ಇಡೀ ಮನೆ ಫೋಲ್ಡರನ್ನೇ ತೆಗೆದು, ‘ಕರಡು’, ‘ಅಚ್ಚಿಗೆ ಹೋದದ್ದು’, ‘ಆಕರ’ ಎಂಬ ಮೂರನ್ನೇ ಸೇರಿಸಿದ್ದೇನೆ. ಬೇಡದ್ದನ್ನು ಒಂದೊಂದಾಗಿ ಹೊರಹಾಕುವುದಕ್ಕೆ ಕೊನೆಯಿಲ್ಲ; ಬೇಕಾದ್ದನ್ನು ಹೆಸರಿಸುವುದು ಒಂದು ಸಲದ ಕೆಲಸ. ಪಟ್ಟಿ ಬದಲಾಯಿಸಿದ ಮೇಲೆ ಸೇವೆಗೆ ಅದು ಮುಟ್ಟಲಿ ಎಂದು ‘ಬಲೂಸಿಟಿಎಲ್ ಡಿಸೇಬಲ್’, ಆಮೇಲೆ ‘ಬಲೂಸಿಟಿಎಲ್ ಎನೇಬಲ್’ ಕೊಡುತ್ತೇನೆ. ಈ ಆಯ್ಕೆಗಳೆಲ್ಲ ಬರೆದಿರುವುದು ಮನೆ ಫೋಲ್ಡರಿನ ‘.ಕಾನ್ಫಿಗ್’ ಒಳಗಿನ ‘ಬಲೂಫೈಲ್‌ಆರ್‌ಸಿ’ ಎಂಬ ಫೈಲಿನಲ್ಲಿ. ಹೊಸ ಲ್ಯಾಪ್‌ಟಾಪಿಗೆ ಹೋಗುವಾಗ ಅದನ್ನು ನಕಲು ಮಾಡಿಕೊಂಡರೆ ಸಾಕು.

ಹೆಸರಿನಿಂದ ಹುಡುಕಿದರೆ ಸಾಕು, ಒಳಗನ್ನು ಓದುವುದು ಬೇಡ ಎನ್ನುವವರಿಗೆ ‘ಬಲೂಸಿಟಿಎಲ್ ಕಾನ್ಫಿಗ್ ಸೆಟ್ ಕಂಟೆಂಟ್‌ಇಂಡೆಕ್ಸಿಂಗ್ ನೋ’ ಇದೆ. ಇಲ್ಲಿ ನಡುವಿನ ಐ ದೊಡ್ಡಕ್ಷರ. ಹಳೆಯ ಹಾರ್ಡ್‌ಡಿಸ್ಕ್ ಇರುವ ಯಂತ್ರಕ್ಕೆ ಇದೇ ಒಳ್ಳೆಯದು. ವಿಡಿಯೊ ಕರೆಯ ಹೊತ್ತಿಗೆ ಸ್ವಲ್ಪ ಸುಮ್ಮನಿರಲಿ ಎಂದರೆ ‘ಬಲೂಸಿಟಿಎಲ್ ಸಸ್ಪೆಂಡ್’, ಕರೆ ಮುಗಿದ ಮೇಲೆ ‘ಬಲೂಸಿಟಿಎಲ್ ರೆಸ್ಯೂಮ್’. ಅಷ್ಟಕ್ಕೆ ‘ಡಿಸೇಬಲ್’ ಬೇಡ, ಅದು ಮುಂದಿನ ಲಾಗಿನ್‌ಗೂ ಉಳಿದುಬಿಡುತ್ತದೆ.

ಹೊಸ ಫೈಲುಗಳು ಹುಡುಕಾಟದಲ್ಲಿ ಬರುತ್ತಿಲ್ಲ ಎಂಬ ದೂರಿಗೆ ಬೇರೊಂದು ಕಾರಣ ಇರಬಹುದು. ಪ್ರತಿ ಫೋಲ್ಡರಿನ ಮೇಲೂ ಕಣ್ಣಿಡಲು ಬಲೂ ಲಿನಕ್ಸ್‌ನ ಐನೋಟಿಫೈ ಎಂಬ ಸೌಲಭ್ಯ ಬಳಸುತ್ತದೆ, ಅದು ಕಣ್ಣಿಡಬಲ್ಲ ಫೋಲ್ಡರುಗಳ ಸಂಖ್ಯೆಗೆ ಮಿತಿ ಇದೆ. ಹಳೆಯ ಕರ್ನೆಲ್‌ಗಳಲ್ಲಿ ಮೂಲ ಮಿತಿ 8192, ಕರ್ನೆಲ್ 5.11ರಿಂದ ಅದು ಯಂತ್ರದ ಮೆಮೊರಿಗೆ ತಕ್ಕಂತೆ ಹೆಚ್ಚುತ್ತದೆ. ಬೇಡದ ಫೋಲ್ಡರುಗಳನ್ನು ಹೊರಗಿಟ್ಟರೆ ಈ ಭಾರವೂ ಇಳಿಯುತ್ತದೆ. ತಪ್ಪಿಹೋದ ಫೈಲುಗಳನ್ನು ಹುಡುಕಿ ಸೇರಿಸಲು ‘ಬಲೂಸಿಟಿಎಲ್ ಚೆಕ್’.

ಇನ್ನು ಕನ್ನಡಕ್ಕೆ ಬರೋಣ. ‘ಬಲೂಸರ್ಚ್ ಬೇಲೂರು’ ಎಂದು ಕೊಟ್ಟು ನೋಡಿ. ಬೇಲೂರಿನ ಫೈಲುಗಳ ಜೊತೆಗೆ, ಆ ಊರಿಗೂ ತನಗೂ ಸಂಬಂಧವೇ ಇಲ್ಲದ, ಬಲರಾಮನ ಕಥೆಯಿರುವ ಫೈಲೂ ಬರಬಹುದು. ಯಾಕೆಂದು ಸೂಚಿಯೊಳಗೇ ಇಣುಕಿ ನೋಡಬಹುದು:

ಬಲೂಶೋ -ಎಕ್ಸ್ ಫೈಲಿನಹೆಸರು

ಆ ಫೈಲಿನಿಂದ ಸೂಚಿಗೆ ಹೋದ ಪದಗಳೆಲ್ಲ ಕಾಣುತ್ತವೆ. ಬೇಲೂರಿನ ಫೈಲಾದರೆ ಅಲ್ಲಿ ‘ಬೇಲೂರು’ ಇರುವುದಿಲ್ಲ, ‘ಬಲರ’ ಇರುತ್ತದೆ. ಯುರೋಪಿನ ಭಾಷೆಗಳಲ್ಲಿ ಅಕ್ಷರದ ತಲೆಯ ಮೇಲಿನ ಗೀರು, ಚುಕ್ಕಿ ಇದ್ದರೂ ಇಲ್ಲದಿದ್ದರೂ ಪದ ಸಿಗಲಿ ಎಂದು ಬಲೂ ಅಂಥ ಚಿಹ್ನೆಗಳನ್ನು ಕಳಚಿ ಸೂಚಿಗೆ ಹಾಕುತ್ತದೆ. ಯೂನಿಕೋಡ್‌ನಲ್ಲಿ ನಮ್ಮ ಗುಣಿತದ ಚಿಹ್ನೆಗಳು, ಅರ್ಧಾಕ್ಷರದ ಚಿಹ್ನೆ, ಅನುಸ್ವಾರ ಎಲ್ಲವೂ ಅದೇ ‘ಮಾರ್ಕ್’ ವರ್ಗಕ್ಕೆ ಸೇರಿವೆ. ಹಾಗಾಗಿ ಅವೂ ಉದುರುತ್ತವೆ. ಬಲರಾಮ ‘ಬಲರಮ’ ಆಗುತ್ತಾನೆ, ಹುಡುಕಾಟ ಪದದ ಆರಂಭವನ್ನು ಹೊಂದಿಸುವುದರಿಂದ ಅವನೂ ಸಿಕ್ಕಿಬೀಳುತ್ತಾನೆ. ಇಂಗ್ಲಿಷಿನಲ್ಲಿ ಎಲ್ಲ ಸ್ವರಗಳನ್ನು ತೆಗೆದು ಹುಡುಕಿದರೆ ಆಗುವ ಗಲಿಬಿಲಿಯೇ ಇದು. ಕನ್ನಡದ ಹುಡುಕಾಟಕ್ಕೆ ಇದು ನಿಜವಾದ ಕೊರತೆ; ಸ್ವರಚಿಹ್ನೆ ಅಲಂಕಾರವಲ್ಲ, ಅಕ್ಷರದ ಅರ್ಧ ಜೀವ ಎಂಬುದನ್ನು ತಂತ್ರಾಂಶ ಬರೆಯುವವರಿಗೆ ನಾವು ಹೇಳುತ್ತಲೇ ಇರಬೇಕು.

ಸಮಾಧಾನದ ಸಂಗತಿ ಎಂದರೆ, ನಿಮ್ಮ ಪದದಿಂದಲೂ ಅದೇ ಚಿಹ್ನೆಗಳು ಉದುರುವುದರಿಂದ ಬೇಕಾದ ಫೈಲ್ ತಪ್ಪಿಹೋಗುವುದಿಲ್ಲ, ಬೇಡದ್ದು ಜೊತೆಗೆ ಬರುತ್ತದೆ ಅಷ್ಟೆ. ಸೋಸಲು ಎರಡು ದಾರಿ ನನಗೆ ಒದಗಿವೆ. ಒಂದು, ಇನ್ನೊಂದು ಪದ ಸೇರಿಸಿ ಫೋಲ್ಡರನ್ನೂ ಹೇಳುವುದು:

ಬಲೂಸರ್ಚ್ -ಡಿ ~/ಆಕರ ಬೇಲೂರು ಶಿಲಾಬಾಲಿಕೆ

ಎರಡೂ ಪದ ಇರುವ ಫೈಲುಗಳಷ್ಟೇ ಬರುತ್ತವೆ. ಇನ್ನೊಂದು, ಬಲೂ ಕೊಟ್ಟ ಪಟ್ಟಿಯನ್ನು, ಫೈಲಿನ ಪಠ್ಯದಲ್ಲಿ ಪದ ಹುಡುಕುವ ಗ್ರೆಪ್ ಕಮಾಂಡ್‌ಗೆ ದಾಟಿಸುವುದು:

ಬಲೂಸರ್ಚ್ ಬೇಲೂರು | ಎಕ್ಸ್‌ಆರ್ಗ್ಸ್ -ಡಿ '\ಎನ್' ಗ್ರೆಪ್ -ಎಲ್ ಬೇಲೂರು

ಗ್ರೆಪ್ ಗುಣಿತ ಸಮೇತ ನೋಡುತ್ತದೆ, ಬಲರಾಮ ಹೊರಗುಳಿಯುತ್ತಾನೆ. ಸಾದಾ ಪಠ್ಯದ ಫೈಲಿಗೆ ಇದು ಸಾಕು, ಪಿಡಿಎಫ್‌ಗೆ ಗ್ರೆಪ್ ಬದಲು ‘ಪಿಡಿಎಫ್‌ಗ್ರೆಪ್’ ಹಾಕಿಕೊಳ್ಳಿ. ಕೊನೆಯಲ್ಲಿ ‘ಎಲಾಪ್ಸ್ಡ್’ ಎಂಬ ಹೆಸರಿನ ಫೈಲ್ ಇಲ್ಲ ಎಂಬ ದೂರು ಬಂದರೆ ಬಿಟ್ಟುಬಿಡಿ, ಅದು ಬಲೂಸರ್ಚ್ ತನ್ನ ಹುಡುಕಾಟದ ಸಮಯ ಹೇಳುವ ಸಾಲು.

ಫೈಲ್ ಇದ್ದೂ ಸಿಗುವುದೇ ಇಲ್ಲ ಎಂದಾದರೆ ಮೊದಲು ‘ಬಲೂಸಿಟಿಎಲ್ ಫೇಲ್ಡ್’ ಕೊಟ್ಟು ವಿಫಲವಾದವುಗಳ ಪಟ್ಟಿ ನೋಡಿ. ಪಟ್ಟಿಯಲ್ಲೂ ಇಲ್ಲವೆಂದರೆ ಮತ್ತೆ ಬಲೂಶೋ -ಎಕ್ಸ್. ಹಳೆಯ ವರ್ಡ್‌ನ ‘.ಡಾಕ್’ ಫೈಲಿನ ಒಳಗನ್ನು ಓದಲು ‘ಕ್ಯಾಟ್‌ಡಾಕ್’ ಎಂಬ ಪ್ಯಾಕೇಜ್ ಬೇಕು, ಅದಿಲ್ಲದಿದ್ದರೆ ಹೆಸರು ಮಾತ್ರ ಸೂಚಿಗೆ ಹೋಗುತ್ತದೆ. ಸ್ಕ್ಯಾನ್ ಮಾಡಿದ ಪಿಡಿಎಫ್‌ನಲ್ಲಿ ಬರೀ ಚಿತ್ರ ಇರುತ್ತದೆ, ಪದ ಇರುವುದಿಲ್ಲ. ಅಂಥದ್ದಕ್ಕೆ, ಚಿತ್ರದಲ್ಲಿನ ಅಕ್ಷರ ಗುರುತಿಸುವ ಟೆಸರಾಕ್ಟ್ ತಂತ್ರಾಂಶದ ಕನ್ನಡ ಡೇಟಾ ಹಾಕಿಕೊಂಡು, ಅದನ್ನು ಬಳಸುವ ‘ಓಸಿಆರ್‌ಮೈಪಿಡಿಎಫ್’ ಕಮಾಂಡ್‌ಗೆ ಭಾಷೆ ‘ಕೆ-ಎ-ಎನ್’ ಎಂದು ಕೊಟ್ಟರೆ ಪಠ್ಯದ ಪದರ ಸೇರುತ್ತದೆ. ಅಚ್ಚು ಮಸುಕಾಗಿದ್ದರೆ ಒತ್ತಕ್ಷರಗಳಲ್ಲಿ ತಪ್ಪು ಬರುತ್ತವೆ, ಆದರೂ ಹುಡುಕಲು ಬೇಕಾದಷ್ಟು ಪದ ಸಿಗುತ್ತದೆ.

ನಮ್ಮ ಕಸುಬಿನವರ ದೊಡ್ಡ ಗಂಟು ಎಂದರೆ ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಫೈಲುಗಳು. ಮುದ್ರಣಾಲಯಗಳಲ್ಲಿ ಇಂದಿಗೂ ರಾಶಿ ರಾಶಿ ಇವೆ. ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗಿರುವುದು ಇಂಗ್ಲಿಷಿನ ಪಿ, ಗೀರು ಹೊತ್ತ ಎ, ಪೌಂಡ್ ಗುರುತು. ಬಲೂ ಓದುವುದು ಅದನ್ನೇ, ಅಂದಮೇಲೆ ಕನ್ನಡದಲ್ಲಿ ಕೇಳಿದರೆ ಸಿಗುವ ದಾರಿಯೇ ಇಲ್ಲ. ಬಲೂಶೋ ಪಟ್ಟಿಯಲ್ಲಿ ಹೀಗೆ ಚೂರುಚೂರಾದ ಲ್ಯಾಟಿನ್ ಅಕ್ಷರಗಳು ಕಂಡರೆ ಆ ಫೈಲನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಮೂಲದ ಪಕ್ಕದಲ್ಲೇ ಬೇರೆ ಹೆಸರಿನಲ್ಲಿ ಉಳಿಸಿ. ಮೂಲವನ್ನು ಅಳಿಸಬೇಡಿ, ಪರಿವರ್ತನೆಯಲ್ಲಿ ಅರ್ಕಾವತ್ತು, ಒತ್ತುಗಳು ಕೆಟ್ಟಿದ್ದರೆ ತಾಳೆ ನೋಡಲು ಬೇಕಾಗುತ್ತದೆ. ಆಮೇಲೆ ಸರದಿಗೆ ಕಾಯದೆ ಆ ಒಂದು ಫೈಲನ್ನು ಕೂಡಲೇ ಸೇರಿಸಬಹುದು:

ಬಲೂಸಿಟಿಎಲ್ ಇಂಡೆಕ್ಸ್ ಫೈಲಿನಹೆಸರು

ಹಳೆಯದನ್ನು ಸೂಚಿಯಿಂದ ಮರೆಸಲು ಇದೇ ರೀತಿ ‘ಕ್ಲಿಯರ್’. ಫೈಲ್ ಡಿಸ್ಕ್‌ನಲ್ಲಿ ಹಾಗೇ ಇರುತ್ತದೆ.

ಸೂಚಿಯೇ ಹಾಳಾಗಿ, ಅಳಿಸಿದ ಫೈಲುಗಳು ಮತ್ತೆ ಮತ್ತೆ ಬರುತ್ತಿದ್ದರೆ ಅಥವಾ ‘ಬಲೂಸಿಟಿಎಲ್ ಇಂಡೆಕ್ಸ್‌ಸೈಜ್’ ತೋರಿಸುವ ಗಾತ್ರ, ಇಲ್ಲಿಯೂ ನಡುವಿನ ಎಸ್ ದೊಡ್ಡದು, ನಿಮ್ಮ ಫೈಲುಗಳಿಗೆ ಹೋಲಿಸಿದರೆ ವಿಪರೀತ ಅನಿಸಿದರೆ ‘ಬಲೂಸಿಟಿಎಲ್ ಪರ್ಜ್’ ಕೊಟ್ಟು ಸೂಚಿಯನ್ನು ಅಳಿಸಿ. ಅದಕ್ಕೂ ಮೊದಲು ಫೋಲ್ಡರುಗಳ ಪಟ್ಟಿ ಸರಿಮಾಡಿಕೊಳ್ಳಿ, ಇಲ್ಲದಿದ್ದರೆ ಬಲೂ ಅದೇ ಬೇಡದ್ದನ್ನು ಮತ್ತೆ ಮೊದಲಿನಿಂದ ಓದುತ್ತದೆ. ರಾತ್ರಿ ಚಾರ್ಜರ್ ಹಾಕಿ, ಲ್ಯಾಪ್‌ಟಾಪ್ ನಿದ್ರೆಗೆ ಹೋಗದಂತೆ ಮಾಡಿ ಬಿಡಿ. ಬೆಳಿಗ್ಗೆ ಸ್ಟೇಟಸ್‌ನಲ್ಲಿ ಸರದಿ ಸೊನ್ನೆಗೆ ಇಳಿದಿದೆಯೇ ನೋಡಿ.